ಕೊಸರು

ವಿನೋಬನಗರದ ಕಲ್ಯಾಣ ಮಂಟಪ, ಭಾನುವಾರ.
ನಿನ್ನೆಯ ಮದುವೆಯ ಥರ್ಮಕೋಲ್ ಹೆಸರುಗಳಲ್ಲಿ
ವರ ಕಿತ್ತುಬಂದಿದ್ದಾನೆ,
ವಧು ಇನ್ನೂ ಅಂಟಿಕೊಂಡಿದ್ದಾಳೆ.
ಊಟದ ಮನೆಯ ಉದ್ದ ಬೆಂಚುಗಳ ಮೇಲೆ
ಪೇಪರ್ ರೋಲ್ ಹಾಸಿ ಹಳೇ ಸಾಮಾನಿನ ಮೇಳ.
ಎಲೆ ಹಾಕುವ ಒಂದೊಂದು ಜಾಗದಲ್ಲಿ ಒಂದೊಂದು ಮನೆ.
ನನ್ನದು ಹದಿನೇಳನೇ ಎಲೆ.

ಅಂಗಡಿಯ ಗೋಡೆಗಳು ಅಣ್ಣಂದಿರಿಗೆ ಹೋದವು,
ಈಗಲ್ಲಿ ಮೊಬೈಲ್ ಕವರು ನೇತಾಡುತ್ತವೆ.
ನನ್ನ ಪಾಲಿಗೆ ಬಂದದ್ದು ಹಿತ್ತಾಳೆ:
ಚಟಾಕು, ಪಾವು, ಅಚ್ಚೇರು, ಸೇರು,
ಒಂದರೊಳಗೊಂದು ಕೂತ ಸಂಸಾರ.
ರಾತ್ರಿ ಹುಣಸೆಹಣ್ಣು ಹಾಕಿ ಉಜ್ಜಿ ತಂದಿದ್ದೆ.
"ಉಜ್ಜಬಾರದಿತ್ತು ಕಣ್ರೀ," ಅಂದಳು
ಲೋಲಕವಿಲ್ಲದ ಗಡಿಯಾರ ಇಟ್ಟುಕೊಂಡ ಪಕ್ಕದೆಲೆಯ ಎಲಿಜಾ,
"ಕಿಲುಬಿಗೇ ಇಲ್ಲಿ ಕಾಸು."

ಒಬ್ಬ ಹುಡುಗ ಪೆನ್ ಸ್ಟ್ಯಾಂಡಾ ಅಂದ.
ಒಬ್ಬಳು ಮನಿಪ್ಲಾಂಟಿಗೆ ತೂತು ಹೊಡೆಸಬಹುದಾ ಅಂದಳು.
ಎಂಟುನೂರರ ಮೇಲೆ ಯಾರೂ ಏರಲಿಲ್ಲ.

ವಾಜಿದ್ ಸಾಹೇಬರು ಬಂದಾಗ ಮಧ್ಯಾಹ್ನ.
ತೂಕ ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ,
ಈಗ ಶುಗರ್ರು, ಕ್ಯಾನ್ವಾಸ್ ಶೂ, ಜೇಬಲ್ಲೊಂದು ಭೂತಗನ್ನಡಿ.
ಸೇರನ್ನು ಮಗುಚಿ, ಗೆಣ್ಣಿನಿಂದ ತಟ್ಟಿದರು,
ಹಲಸಿನಹಣ್ಣು ತಟ್ಟಿ ನೋಡುವ ಹಾಗೆ.
ಇನ್ನೊಮ್ಮೆ ತಟ್ಟಿ ಕಿವಿಗಿಟ್ಟರು.
"ಇದಕ್ಕೆ ಎರಡು ತಳ ಅಮ್ಮಾ."

ನಕ್ಕುಬಿಟ್ಟೆ.
ಗುರುಶಾಂತಪ್ಪನವರ ಅಂಗಡಿ ಸೇರು ಸಾರ್ ಇದು!
ಅಳೆದ ಮೇಲೆ ಒಂದು ಮುಷ್ಟಿ ಕೊಸರು ಹಾಕದೆ
ಚೀಲದ ಬಾಯಿ ಕಟ್ಟಿದವರಲ್ಲ ನಮ್ಮಜ್ಜ,
ಬಾಣಂತಿಯಿದ್ದ ಮನೆಗಾದರೆ ಎರಡು.
ಎಣಿಕೆ ಶುರುವಾಗುತ್ತಿದ್ದದ್ದು ಒಂದರಿಂದಲ್ಲ,
ಲಾಭ, ಎರಡು, ಮೂರು...
ಮೂಟೆಯ ಮೇಲೆ ಕೂತು ಕಾಲಾಡಿಸುತ್ತ ನಾನೂ ಎಣಿಸುತ್ತಿದ್ದೆ.
ಯಾರ ಲಾಭ ಅಂತ ಕೇಳಲಿಲ್ಲ.

ಮಂಟಪದ ಉಗ್ರಾಣದಿಂದ ಭಟ್ಟರು ಅಕ್ಕಿ ತಂದರು.
ಪಾವಿಗೆ ನಾಲ್ಕು ಸಲ ತುಂಬಿದರೆ ಸೇರು, ಎಲ್ಲರಿಗೂ ಗೊತ್ತು.
ಮೂರು ಹಿಡಿಸಿತು.
ನಾಲ್ಕನೆಯದು ಅರ್ಧಕ್ಕೇ ತುಳುಕಿ
ಪೇಪರ್ ರೋಲಿನ ಮೇಲೆ ಚೆಲ್ಲಿತು.
ಎಲಿಜಾ ಗಡಿಯಾರ ಒರೆಸುವುದನ್ನು ನಿಲ್ಲಿಸಿದಳು.

ಉಳಿದ ಅರ್ಧ ಪಾವನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ.
ನನ್ನ ಕೈಗೆ ಎರಡಾಯಿತು.
ಅಜ್ಜನ ಕೈಗೆ? ಒಂದಿರಬಹುದು.
ಒಂದೂ ಕಾಲು ಇರಬಹುದು.
ಆ ಕೈಗೆ ಯಾವ ಇಲಾಖೆಯೂ ಮುದ್ರೆ ಒತ್ತಿರಲಿಲ್ಲ,
ಇರುವ ಒಂದೇ ಫೋಟೋದಲ್ಲಿ ಎರಡೂ ಕೈ ಶಾಲಿನೊಳಗೆ.

ಸೌದೆ ಹೊರುತ್ತಿದ್ದ ಹನುಮಿ ನೆನಪಾದಳು.
ಸೆರಗೊಡ್ಡಿ ಕೊಸರು ಹಾಕಿಸಿಕೊಂಡು
ನಿಮ್ಮ ಹೊಟ್ಟೆ ತಣ್ಣಗಿರಲಿ ಅಪ್ಪಾರೇ ಅನ್ನುತ್ತಿದ್ದಳು,
ತನ್ನದೇ ಅಕ್ಕಿಗೆ.
ಅಥವಾ ಹಾಗಲ್ಲವೇನೋ.
ಯಾರದೋ ದಿವಾಳಿ ಅಂಗಡಿಯಿಂದ ಕೊಂಡ ಸೇರಿರಬಹುದು,
ಒಂದು ದಿನ ತಟ್ಟಿ ನೋಡಿ, ಸದ್ದು ಕೇಳಿ,
ಯಾರಿಗೂ ಹೇಳಲಾರದೆ,
ಅವತ್ತಿನಿಂದ ಮುಷ್ಟಿ ಹಾಕತೊಡಗಿದರೋ.
ತಳ ಮೊದಲೋ, ಮುಷ್ಟಿ ಮೊದಲೋ.

"ಸರಿ ಇದ್ದಿದ್ರೆ ಎಂಟುನೂರು ಬಾಳೋದು,"
ವಾಜಿದ್ ಸಾಹೇಬರು ಭೂತಗನ್ನಡಿ ಮಡಚಿದರು.
"ಆರು ಸಾವಿರ ಕೊಡ್ತೀನಿ.
ಇಂಥವು ಇಪ್ಪತ್ತೆರಡಿವೆ ನನ್ನ ಹತ್ರ,
ಇಷ್ಟು ನಯವಾದ ಬೆಸುಗೆ ಒಂದಕ್ಕೂ ಇಲ್ಲ.
ಮಾಡಿದವನು ಭಾರಿ ಕಸುಬುದಾರ."
ಹೊಗಳಿಕೆ ಯಾರಿಗೆ ಸಂದಿತೋ,
ನಾನಂತೂ ಥ್ಯಾಂಕ್ಸ್ ಅಂದೆ.

ಐನೂರರ ಹನ್ನೆರಡು ನೋಟು. ಎಣಿಸಿಕೊಂಡೆ.
ಬಾಯಿಗೆ ಬಂದದ್ದು ಲಾಭ, ಎರಡು, ಮೂರು.
ಅವರು ಬಟ್ಟೆಚೀಲದ ಬಾಯಿ ಅಗಲಿಸಿ ನಿಂತೇ ಇದ್ದರು.
"ಕೊಸರು ಇಲ್ವೇನಮ್ಮಾ?"

ಬೆಂಚಿನ ಮೇಲೆ ಚೆಲ್ಲಿದ್ದನ್ನು ಬಾಚಿ
ಮುಷ್ಟಿ ತುಂಬ ತೆಗೆದು
ಚೀಲದೊಳಗಿನ ಸೇರಿಗೆ ಸುರಿದೆ.
ಉಗ್ರಾಣದ ಬಾಗಿಲಲ್ಲಿ ನಿಂತು
ಭಟ್ಟರು ನೋಡುತ್ತಲೇ ಇದ್ದರು.
ಅಕ್ಕಿ ಅವರದು.