ಎಂಜಲು ತೂಗುವ ಪಾಠ

ಗುರುವಾರ ಸಂಜೆ ಆರೂವರೆಗೆ, ಪೋರ್ತು ನಗರದ ಆಸ್ಪತ್ರೆಯಲ್ಲಿ
ಹಿಂದೆ ಬಟ್ಟೆ ಒಗೆಯುತ್ತಿದ್ದ ಕೋಣೆಯೇ ನಮ್ಮ ತರಗತಿ.
ಐವತ್ತೊಂದಕ್ಕೆ ನಾನು ಮತ್ತೆ ವಿದ್ಯಾರ್ಥಿ.
ಕರುಳು ಕತ್ತರಿಸಿ ಹೊಲಿಯುವುದರಲ್ಲಿ ಕೈ ಪಳಗಿದವಳು,
ಹೊಲಿದ ಆ ಕರುಳಿಗೆ ಏನು ಬೇಕೆಂದು
ಇಪ್ಪತ್ತಾರು ವರ್ಷ ಕೇಳದವಳು.

ಪಕ್ಕದಲ್ಲಿ ರಾತ್ರಿಪಾಳಿಯ ನರ್ಸ್ ಹೆರ್ಮೀನಿಯಾ,
ಚೀಲದೊಳಗೆ ಮೆಕ್ಕೆಜೋಳದ ಗಟ್ಟಿ ಬ್ರೆಡ್ಡಿನ ವಾಸನೆ.
ಹಿಂದೆ ಔಷಧ ವಿಭಾಗದ ಅನ್ಸೆಲ್ಮು:
ಮಿಲಿಗ್ರಾಮು ತಪ್ಪದ ಮನುಷ್ಯ,
ಸ್ವಂತ ಹೊಟ್ಟೆಯ ಲೆಕ್ಕವೊಂದು ಬಿಟ್ಟು.

ಪಾಠ ಹೇಳುವವಳು ಯೊಲಾಂಡಾ. ಮೂವತ್ತಮೂರಿರಬೇಕು.
ಇವಳನ್ನೇ ನಾನೊಮ್ಮೆ ವಾರ್ಡಿನ ಬಾಗಿಲಲ್ಲಿ ತಡೆದು
'ನಿಮ್ಮ ಸೂಪಿನ ಮಾತು ಆಮೇಲೆ, ಮೊದಲು ಗಾಯ ಮಾಯಲಿ' ಅಂದಿದ್ದೆ.
ಅವಳು ಮರೆತಿಲ್ಲ. ಎತ್ತಿ ಆಡಲೂ ಇಲ್ಲ.
ಮೊದಲ ದಿನ ಬೋರ್ಡಿನ ಮೇಲೆ ಒಂದೇ ಸಾಲು ಬರೆದಳು:
ಗಾಯಕ್ಕೂ ಹಸಿವಾಗುತ್ತದೆ.

ಮನೆಗೆಲಸ ಕೊಟ್ಟಳು: ತಟ್ಟೆ ತೂಗಿ.
ಊಟ ಹೋಗುವಾಗೊಮ್ಮೆ, ತಿರುಗಿ ಬರುವಾಗೊಮ್ಮೆ.

ಅಡುಗೆಮನೆಯ ಹಿಂಬಾಗಿಲಲ್ಲಿ ಏಪ್ರನ್ ಕಟ್ಟಿ ನಿಂತೆ.
ಗಾಡಿ ತಳ್ಳುವ ಕಸಿಲ್ದಾ ಬಾಯ್ತುಂಬ ನಕ್ಕಳು:
'ಏನು ಡಾಕ್ಟರೇ, ಎಂಜಲಿಗೂ ಆಪರೇಷನ್ನೇ?'

ಏಳನೇ ಹಾಸಿಗೆ: ಅನ್ನ ಹೋದಷ್ಟೇ ಬಂದಿದೆ,
ಮೀನಿನ ಬೆನ್ನ ಮೇಲೆ ಫೋರ್ಕು ಎಳೆದ ಒಂದು ಗೆರೆ.
ಒಂಬತ್ತು: ಸೂಪಿನ ಬಟ್ಟಲಿಗೆ ಬಿಗಿದ ಪ್ಲಾಸ್ಟಿಕ್ಕು ಹಾಗೇ ಇದೆ.
ಬಿಚ್ಚಲು ಆ ಮುದುಕಿಯ ಬೆರಳಿಗೆ ಕಸುವಿಲ್ಲ,
ಬಿಚ್ಚಿಕೊಡುವ ಕೆಲಸ ಯಾರ ಹೆಸರಿಗೂ ಇಲ್ಲ.
ಹತ್ತರದು ಖಾಲಿ, ಬೆರಳಲ್ಲಿ ಬಳಿದಷ್ಟು ಖಾಲಿ.
(ಅವನ ಮಗಳು ತಿಂದಳಂತೆ, ಕೆಲಸದಿಂದ ನೇರ ಬಂದವಳು.)
ಹನ್ನೆರಡು:
ತಟ್ಟೆಯೇ ಹೋಗಿಲ್ಲ.

'ಬಾಯಿಗೆ ಏನೂ ಬೇಡ.'
ಹಾಸಿಗೆಯ ತಲೆದೆಸೆಯಲ್ಲಿ ತೂಗುವ ಕಾಗದ, ನನ್ನದೇ ಅಕ್ಷರ.
ಸೋಮವಾರದ ಸ್ಕ್ಯಾನಿಗೆಂದು ಬರೆದದ್ದು.
ಸ್ಕ್ಯಾನು ಸೋಮವಾರವೇ ಮುಗಿದಿತ್ತು.
ಇಂದು ಶುಕ್ರವಾರ.

ಬೆಲ್ಮೀರು, ನಿವೃತ್ತ ಟ್ರಾಮು ಚಾಲಕ,
ಒಣಗಿದ ತುಟಿ ಒದ್ದೆ ಮಾಡಿಕೊಂಡು ಸಮಾಧಾನ ಹೇಳಿದ, ನನಗೆ:
'ಕೆಂಪು ದೀಪ ಕಂಡರೆ ಗಾಡಿ ನಿಲ್ಲಿಸಬೇಕು ತಾಯಿ.
ಯಾಕೆಂದು ನಾವು ಕೇಳುವವರಲ್ಲ.'

ಓಡಿದೆ ನಾನು ಅಡುಗೆಮನೆಗೆ. ಮಾಂಸ, ಆಲೂಗಡ್ಡೆ, ಸಿಹಿ,
ತಟ್ಟೆ ಹಿಡಿಯಲಾರದಷ್ಟು ಪ್ರಾಯಶ್ಚಿತ್ತ.
ಹೆರ್ಮೀನಿಯಾ ಮಣಿಕಟ್ಟು ಹಿಡಿದಳು.
'ಮೂರನೇ ವಾರದ ಪಾಠ ಮರೆತಿರಾ?
ಆರಿದ ಒಲೆಗೆ ಒಮ್ಮೆಲೇ ಕಟ್ಟಿಗೆ ಒಟ್ಟಬಾರದು.'
ಹಸಿದ ರಕ್ತದೊಳಗೆ ಫಾಸ್ಫೇಟು ಕುಸಿದರೆ
ಊಟವೇ ಎದೆ ನಿಲ್ಲಿಸೀತು.
ಅನ್ಸೆಲ್ಮುವಿಗೆ ಫೋನು; ಅವನು ಮೊದಲು ವಿಟಮಿನ್ನು ಎಂದ,
ಪರೀಕ್ಷೆ ಎಂದ, ದಿನಕ್ಕಿಷ್ಟೇ ಎಂದ,
ಒಂದೊಂದು ಅಂಕಿಯನ್ನೂ ಎರಡು ಸಲ ಹೇಳಿದ.

ಕೋಳಿ ಸಾರಿನ ತಿಳಿ, ಅರ್ಧ ಬಟ್ಟಲು.
ಚಮಚ ಹಿಡಿಯುವುದು ಎಷ್ಟು ಕಷ್ಟ!
ಬಾಯಿ ತೆರೆಯುವವರೆಗೆ ಕಾಯಬೇಕು,
ನುಂಗುವವರೆಗೆ ಕಾಯಬೇಕು, ಗಂಟಲ ಗಂಟು
ಮೇಲೇರಿ ಇಳಿಯುವುದನ್ನು ನೋಡಬೇಕು.
ಕತ್ತಿ ಹಿಡಿದು ಒಮ್ಮೆಯೂ ನಡುಗದ ಕೈ
ಅವನ ಅಂಗಿಯ ಮೇಲೆ ಎರಡು ಹನಿ ಚೆಲ್ಲಿತು.
ಬೆಲ್ಮೀರು ಕಣ್ಣು ಮುಚ್ಚಿ, ಚಪ್ಪರಿಸಿ, ತೀರ್ಪು ಕೊಟ್ಟ:
'ಉಪ್ಪು ಸಾಲದು.'

ಮುಂದಿನ ಗುರುವಾರ ಎಲ್ಲರೂ ತೂಕ ಓದಿದರು.
ನನ್ನ ಸರದಿ. ಹನ್ನೆರಡನೇ ಸಾಲು:
ಹೋದದ್ದು ಸೊನ್ನೆ, ಬಂದದ್ದು ಸೊನ್ನೆ.
ನಷ್ಟವೆಷ್ಟೆಂದು ಹೇಗೆ ಬರೆಯಲಿ, ಕೇಳಿದೆ.
ಯೊಲಾಂಡಾ ತುಸು ಹೊತ್ತು ಕಿಟಕಿಯತ್ತ ನೋಡಿದಳು,
ಕೆಳಗೆ ದೋರು ನದಿಯಲ್ಲಿ ದೋಣಿಯ ದೀಪ.
'ಬೇಡ ಎಂದು ಬರೆದವರು ಯಾರು?'
ನಾನು, ಅಂದೆ.
ಅವಳು ಅದನ್ನೂ ಕೋಷ್ಟಕದಲ್ಲಿ ಬರೆದುಕೊಂಡು
ಮುಂದಿನವರನ್ನು ಕರೆದಳು.

ಹೆರ್ಮೀನಿಯಾ ಮೇಜಿನ ಕೆಳಗಿಂದ
ಬ್ರೆಡ್ಡು ಮುರಿದು ನನ್ನ ಅಂಗೈಗಿಟ್ಟಳು.
ಆಗ ನೆನಪಾಯಿತು,
ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ.