ಒಂದು ಮನಿ ದೂರ

ಕ್ಯಾಂಪಿನ ಬೇಕರಿ ಮಾಳಿಗಿ ಮ್ಯಾಲ
ಕಾಯತಾನ ಸರ್ ಅಂದ್ರು:
"ಫ್ರಿಜಿಯನ್. ಇ-ಯಿಂದ ಎಫ್‌ಗೆ ಒಂದ ಮನಿ ದೂರ.
ಬರಕೊಂಡದ್ದು ಬ್ಯಾಡ, ಹೊಳದದ್ದು ಬಾರಿಸು."

ಹೊಳೀಲಿಲ್ಲ.
ವಡಗಾವಿ ಮಗ್ಗದಾಗ ಬೆಳೆದ ಬೆರಳು,
ಒಂದ ಎಳಿ ತಪ್ಪಿದ್ರೂ
ಗೇಣುದ್ದ ಬಿಚ್ಚೋ ಕೈ.

ಎಫ್ ಒತ್ತಿದೆ. ಜಾರಿದೆ. ಮತ್ತ ಒತ್ತಿದೆ.
ಅಯ್ಯ, ಇದು ಅಜ್ಜಿಯ ಕೋಮಲ ರಿಷಭ!
ಭಜನಿ ಮುಗದು, ಕರ್ಪುರ ಆರಿ,
ಮಂದಿ ಚಪ್ಪಲಿ ಹುಡುಕು ಹೊತ್ತಿನ ಭೈರವಿ.

"ಸರ್, ನಮ್ಮಲ್ಲಿ ಇದು ಮುಗಸೋ ರಾಗ."

ಅವರು ಆಂಪಿನ ಕಿವಿ ತಿರುವಿ
ದಪ್ಪ ತಂತಿ ಮೀಟಿ ಬಿಟ್ರು.
"ಅಲ್ಲಿಂದನ ಹಿಡಿಯವ್ವಾ."

ತಪ್ಪಿದೆ. ಬಿಚ್ಚಲಿಲ್ಲ.
ತಪ್ಪಿದ ಎಳಿ ಹಿಡಕೊಂಡ
ಇನ್ನೊಂದ ಮನಿ ಮುಂದ ಹೋದೆ.
ಕೆಳಗ ಯಾರೋ
ಒಲಿಯಿಂದ ಪಾವಿನ ತಟ್ಟಿ ಎಳದ್ರು.