ನೀರಿನ ಪಾಳಿ

ಅಲ್ ಹಮ್ರಾದಲ್ಲಿ ಗಡಿಯಾರಕ್ಕೂ ಮೊದಲೇ
ಒಂದು ಕೋಲು ನೆಟ್ಟಿದ್ದಾರೆ.
ಅದರ ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ ಜರುಗಿದರೆ
ಒಂದು ಅಥರ್, ಅಂದರೆ ಅರ್ಧ ಗಂಟೆ.
ಸಾಲಿಹಾಳ ಖರ್ಜೂರಕ್ಕೆ ಅಷ್ಟು ನೀರು.
ಆಮೇಲೆ ಖಲ್ಫಾನ್ ಅಜ್ಜ
ಚಿಂದಿ ಸುತ್ತಿದ ಕಲ್ಲನ್ನು ಪಕ್ಕದ ಕಂಡಿಯಿಂದ ಕಿತ್ತು
ಈ ಕಂಡಿಗೆ ಒತ್ತುತ್ತಾನೆ.

ಇದನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಬಂದವನು ನಾನು.
ಮಸ್ಕತ್ತಿನ ಸಂಬಳ, ಕುಂದಾಪುರದ ನಾಲಿಗೆ, ಮುರುಕು ಅರಬ್ಬಿ.
ಮೊದಲ ದಿನವೇ ಅಂದೆ: ಅಜ್ಜಾ, ನಿಮ್ಮ ಈ ಫಲಜ್
ಆಗಲೇ ಒಂದು ಕಂಪ್ಯೂಟರು.
ಕವಲೊಡೆದಲ್ಲಿ ನೀರು ಭಾಗಿಸುತ್ತದೆ,
ಕೂಡಿದಲ್ಲಿ ಕೂಡಿಸುತ್ತದೆ,
ಇಳಿಜಾರು ಕೇಳಿದ್ದಕ್ಕೆ ತಡವರಿಸದೆ ಉತ್ತರ.
ಆ ಬೆಟ್ಟವೂ ಅಷ್ಟೆ. ಕಾದ ಹಗಲು, ತಣಿದ ಇರುಳು,
ಗುಣಿಸಿ ಗುಣಿಸಿ
ಸಾವಿರ ವರ್ಷಕ್ಕೊಂದು ಬಿರುಕು ಬರೆದಿಡುತ್ತದೆ.

ಅಜ್ಜ ಬಟ್ಟಲು ಅಲುಗಿಸಿದ, ಸಾಕು ಅಂತ.
ಸಾಕಾದದ್ದು ಕಾಫಿಯೋ ಮಾತೋ, ತಿಳಿಯಲಿಲ್ಲ.

ಜನವರಿಯಲ್ಲೊಂದು ಬೆಳಿಗ್ಗೆ ಮೋಡ.
ಕೋಲಿಗೆ ನೆರಳಿಲ್ಲ.
ನಿನ್ನ ಮೊಬೈಲು ನೋಡಿ ಕೂಗು, ಅಂದ ಅಜ್ಜ,
ನಮಾಜಿಗೆ ಹೋದ.
ನಾನು ಕೂತೆ. ಕಾಲುವೆಯ ತಿರುವಿನಲ್ಲಿ
ಒಂದು ಒಣ ಎಲೆ ಸುತ್ತುತ್ತಿತ್ತು,
ಯಾವ ಲೆಕ್ಕ ಬಿಡಿಸುತ್ತಿದೆ ಇದು ಎಂದು ನೋಡುತ್ತ ನೋಡುತ್ತ

ಝುವೈನಾ ಬಂದು ನಿಂತಿದ್ದಳು.
ಅವಳ ಕುದುರೆಮೆಂತೆಯ ಮಡಿ ಒಣಗಿಯೇ ಇತ್ತು.
ನನ್ನ ಹದಿನಾಲ್ಕು ನಿಮಿಷ ಎಲ್ಲಿ?

ನೀರು ಸುಮ್ಮನಿತ್ತು. ಅದು ತಪ್ಪಿರಲಿಲ್ಲ.
ಆಗಲೇ ತೊಯ್ದ ಸಾಲಿಹಾಳ ಬುಡಗಳಿಗೂ
ಅದೇ ನಿಷ್ಠೆಯಿಂದ ಹರಿದಿತ್ತು,
ಒಂದು ಹನಿಯೂ ನಿಯಮ ಮೀರಿರಲಿಲ್ಲ.
ತಪ್ಪಲು ಬಾರದ್ದಕ್ಕೆ
ಲೆಕ್ಕ ಬರುತ್ತದೆ ಎಂದು ಹೇಗೆ ಹೇಳಲಿ?

ಚಿಕ್ಕಂದಿನಲ್ಲಿ ತಮ್ಮನನ್ನು ಹೀಗೇ ಸೇರಿಸಿಕೊಳ್ಳುತ್ತಿದ್ದೆವು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಈಗ ಯಾರು ಹಾಗೆ, ನೀರೋ?
ಇಲ್ಲ, ಬೆಟ್ಟ ಬಿಸಿಲು ನೀರು ಸೇರಿ ಆಡುವಲ್ಲಿ
ದಡದಲ್ಲಿ ಕುಣಿಯುತ್ತಿರುವ ನಾನೋ?

ಮರುದಿನ ಬಿಸಿಲು.
ಅಜ್ಜ ತನ್ನ ಪಾಲಿನಿಂದ ಹದಿನಾಲ್ಕು ನಿಮಿಷ
ಝುವೈನಾಳಿಗೆ ಬಿಟ್ಟ. ಯಾರೂ ಕೇಳಿರಲಿಲ್ಲ.
ನನ್ನ ತಂತ್ರಾಂಶದಲ್ಲಿ ಅದನ್ನು ತುಂಬಲು
ಕಾಲಂ ಹುಡುಕಿದೆ, ಇರಲಿಲ್ಲ.
ಅಷ್ಟರಲ್ಲಿ ಕೈಗೆ ಏನೋ ತಣ್ಣಗೆ ತಗುಲಿತು.
ಚಿಂದಿ ಸುತ್ತಿದ ಕಲ್ಲು.
ನೆರಳು ನೋಡು, ಅಂದ ಅಜ್ಜ,
ನೀರನ್ನಲ್ಲ.